ಕೈಕೆಲಸದವರ ಹೆಸರು ಯಾರ ಸ್ವತ್ತು?

ಎಲೆಕ್ಟ್ರೀಷಿಯನ್, ಪ್ಲಂಬರ್, ಬಡಗಿ, ಗಾರೆ ಮೇಸ್ತ್ರಿ, ಪೇಂಟರ್, ಟೈಲ್ಸ್ ಕೂರಿಸುವವರು, ಏಸಿ ಮತ್ತು ಫ್ರಿಜ್ ರಿಪೇರಿಯವರು ಇವರೆಲ್ಲರ ದುಡಿಮೆಗೆ ಹತಾರಗಳಷ್ಟೇ ಅಗತ್ಯವಾದ ಇನ್ನೊಂದು ಬಂಡವಾಳವಿದೆ. ಅದು ಅವರ ಹೆಸರು. ಒಂದು ಮನೆಯ ಕೆಲಸ ಚೆನ್ನಾಗಿ ಮುಗಿದರೆ ಪಕ್ಕದ ಮನೆಯ ಕೆಲಸ ತಾನಾಗಿ ಬರುತ್ತಿದ್ದ, ಕೆಟ್ಟರೆ ಇಡೀ ಬೀದಿಯೇ ಕೈತಪ್ಪುತ್ತಿದ್ದ ಕಾಲದಲ್ಲಿ ಈ ಹೆಸರು ಬಾಯಿಂದ ಬಾಯಿಗೆ ಹರಡುತ್ತಿತ್ತು. ಇಂದು ಅದೇ ಹೆಸರು ಗೂಗಲ್ ಮ್ಯಾಪ್ಸ್‌ನ ಸ್ಟಾರ್‌ಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ನ ಚಿತ್ರಗಳಲ್ಲಿ, ಮನೆಬಾಗಿಲ ಸೇವೆ ಒದಗಿಸುವ ಆ್ಯಪ್‌ಗಳ ರೇಟಿಂಗ್‌ನಲ್ಲಿ ಬರಹರೂಪಕ್ಕೆ ಇಳಿಯುತ್ತಿದೆ. ಬಾಯಿಮಾತು ಮರೆತುಹೋಗಬಹುದಿತ್ತು, ಬರಹ ಉಳಿಯುತ್ತದೆ. ಬಾಯಿಮಾತು ಒಂದು ಬಡಾವಣೆಯೊಳಗೆ ಸುತ್ತುತ್ತಿತ್ತು, ಬರಹ ಊರಾಚೆಗೂ ಹೋಗುತ್ತದೆ. ಆದ್ದರಿಂದ ಸಾಮಾಜಿಕ ಮಾಧ್ಯಮದಲ್ಲಿ ವೃತ್ತಿಯ ಹೆಸರನ್ನು ಕಾಪಾಡಿಕೊಳ್ಳುವ ವಿದ್ಯೆಯು ಕೈಕೆಲಸದವರಿಗೆ ಹೊಟ್ಟೆಪಾಡಿನ ವಿಷಯವಾಗಿದೆ. ಈ ವಿದ್ಯೆಯನ್ನು ಪ್ರಚಾರದ ತಂತ್ರವೆಂದು ಬೋಧಿಸುವವರು ಬಹಳ ಮಂದಿ ಇದ್ದಾರೆ. ಅದರ ತಿರುಳು ಮಾತ್ರ ಬೇರೆಯದು: ಮಾಡಿದ ಕೆಲಸಕ್ಕೆ ನಂಬತಕ್ಕ ದಾಖಲೆಯನ್ನು ಬೆಳೆಸುವುದು ಮತ್ತು ಆ ದಾಖಲೆಯನ್ನು ದುಡಿದವರ ಕೈಯಲ್ಲೇ ಉಳಿಸಿಕೊಳ್ಳುವುದು.

ಕಲ್ಲಿನಲ್ಲಿ ಉಳಿದ ಸಹಿ

ಕುಶಲಕರ್ಮಿಗಳು ತಮ್ಮ ಹೆಸರನ್ನು ತಾವೇ ದಾಖಲಿಸುವ ಪರಂಪರೆ ಕನ್ನಡನಾಡಿಗೆ ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನ ಕಾಲದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ, ಅಂದರೆ ಶಿಲ್ಪಿಗಳ, ಹೆಸರುಗಳನ್ನು ಇಂದಿಗೂ ಓದಬಹುದು. 13ನೆಯ ಶತಮಾನದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ಹಲವು ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆ. ಇಂತಹ ಸಹಿಗಳಲ್ಲಿ ಕೆಲವೊಮ್ಮೆ ಬರಿಯ ಹೆಸರಿದ್ದರೆ, ಇನ್ನು ಕೆಲವೊಮ್ಮೆ ಊರು, ತಂದೆಯ ಹೆಸರು ಮತ್ತು ಎದುರಾಳಿ ಶಿಲ್ಪಿಗಳನ್ನು ಮೀರಿಸಿದವನೆಂದು ಸಾರುವ ಬಿರುದುಗಳೂ ಸೇರಿರುತ್ತವೆ. ಬಿರುದು ಉತ್ಪ್ರೇಕ್ಷೆಯಾಗಿರಬಹುದು, ಆದರೆ ಅದು ಕೆತ್ತಿರುವುದು ಕೆಲಸದ ಪಕ್ಕದಲ್ಲೇ ಆದ್ದರಿಂದ ನೋಡುಗರು ಎರಡನ್ನೂ ಹೋಲಿಸಿ ತೀರ್ಮಾನಕ್ಕೆ ಬರಬಹುದು.

ಈ ಸಹಿಗಳಲ್ಲಿ ಗಮನಿಸಬೇಕಾದ ಮೂರು ಗುಣಗಳಿವೆ. ಹೆಸರು ಕೆಲಸಕ್ಕೆ ಅಂಟಿಕೊಂಡಿದೆ, ಬಂದವರೆಲ್ಲರೂ ಅದನ್ನು ಓದಬಹುದು, ಕೆಲಸ ಕೊಟ್ಟವರು ಬೇಡವೆಂದಾಗ ಅದು ಅಳಿಸಿಹೋಗುವುದಿಲ್ಲ. ಇಂದಿನ ಕೈಕೆಲಸದವರು ಬಳಸುವ ಪ್ರತಿಯೊಂದು ಜಾಲತಾಣವನ್ನೂ ಆ್ಯಪ್ ಅನ್ನೂ ಈ ಮೂರು ಗುಣಗಳಿಂದಲೇ ಅಳೆದು ನೋಡುವುದು ಯುಕ್ತ.

ಗೋಡೆಯೊಳಗಿನ ಕೆಲಸ

ಹೆಸರಿಗೆ ಇಷ್ಟು ಬೆಲೆ ಬರುವುದೇಕೆ ಎಂಬುದನ್ನು ಅರ್ಥಶಾಸ್ತ್ರ ಸ್ಪಷ್ಟವಾಗಿ ವಿವರಿಸಿದೆ. ಸರಕಿನ ನಿಜವಾದ ಗುಣ ಮಾರುವವರಿಗೆ ತಿಳಿದಿದ್ದು ಕೊಳ್ಳುವವರಿಗೆ ತಿಳಿಯದೆ ಇದ್ದಾಗ, ಕೊಳ್ಳುವವರು ಅನುಮಾನದಿಂದ ಎಲ್ಲರಿಗೂ ಕಡಿಮೆ ಬೆಲೆಯನ್ನೇ ಹೇಳುತ್ತಾರೆ, ಆ ಬೆಲೆಗೆ ಒಳ್ಳೆಯ ಸರಕು ಕೊಡಲಾಗದವರು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾರೆ, ಕೊನೆಗೆ ಕಳಪೆಯೇ ಉಳಿಯುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟು ತೋರಿಸಿದರು. ಇದಕ್ಕೆ ಮಾಹಿತಿಯ ಅಸಮತೆ ಎಂದು ಹೆಸರು. ಇದರ ಅಧ್ಯಯನಕ್ಕಾಗಿ 2001ರಲ್ಲಿ ಅವರು ಇತರ ಇಬ್ಬರೊಂದಿಗೆ ನೊಬೆಲ್ ಗೌರವ ಪಡೆದರು. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಇನ್ನೊಂದು ಬಗೆಯ ಸರಕನ್ನು ಗುರುತಿಸಿದರು: ಕೊಂಡು ಬಳಸಿದ ಮೇಲೂ ಅದರ ಗುಣವನ್ನು ಸಾಮಾನ್ಯ ಗ್ರಾಹಕರು ಅಳೆಯಲಾಗದಂಥದ್ದು. ಅದನ್ನು ಕನ್ನಡದಲ್ಲಿ ನಂಬಿಕೆಯ ಸರಕು ಎನ್ನಬಹುದು. ರಿಪೇರಿ ಕೆಲಸಗಳು ಇದಕ್ಕೆ ಮೊದಲ ಉದಾಹರಣೆ.

ಕೈಕೆಲಸದ ಬಹುಭಾಗ ಈ ನಂಬಿಕೆಯ ಸರಕೇ ಆಗಿದೆ. ಗೋಡೆಯೊಳಗೆ ಎಳೆದ ವೈರಿನ ದಪ್ಪ ಎಷ್ಟು, ಅರ್ಥಿಂಗ್ ಸರಿಯಾಗಿ ಆಗಿದೆಯೇ, ಬಚ್ಚಲುಮನೆಯ ಟೈಲ್ಸ್ ಕೆಳಗೆ ವಾಟರ್‌ಪ್ರೂಫಿಂಗ್ ಎಷ್ಟು ಪದರ ಬಳಿಯಲಾಗಿದೆ, ಕಾಂಕ್ರೀಟಿಗೆ ಎಷ್ಟು ದಿನ ನೀರುಣಿಸಲಾಗಿದೆ, ವಾರ್ಡ್‌ರೋಬಿನ ಲ್ಯಾಮಿನೇಟ್ ಹಿಂದಿರುವ ಪ್ಲೈವುಡ್ ಯಾವ ದರ್ಜೆಯದು ಎಂಬುದು ಕೆಲಸ ಮುಗಿದ ದಿನ ಮನೆಯವರಿಗೆ ಕಾಣುವುದಿಲ್ಲ. ಕಳಪೆ ಕೆಲಸ ಎರಡು ಮಳೆಗಾಲ ಕಳೆದ ಮೇಲೆ ಸೋರಿಕೆಯಾಗಿ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ದುಡ್ಡು ಸಂದಾಯವಾಗಿರುತ್ತದೆ. ಕಾಣದ ಕೆಲಸಕ್ಕೆ ದುಡ್ಡು ಕೊಡುವವರು ಕಾಣುವ ಒಂದು ಆಧಾರವನ್ನು ಹುಡುಕುತ್ತಾರೆ. ಆ ಆಧಾರವೇ ಹೆಸರು. ಹಾರ್ವರ್ಡ್‌ನ ಸಂಶೋಧಕ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಯೆಲ್ಪ್ ತಾಣದ ರೇಟಿಂಗ್ ಒಂದು ಸ್ಟಾರ್ ಏರಿದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತದೆಂದು ಕಂಡುಬಂತು. ಈ ಪರಿಣಾಮ ಸ್ವತಂತ್ರ ಹೋಟೆಲುಗಳಲ್ಲಿ ಮಾತ್ರ ಕಂಡಿತು. ಎಲ್ಲೆಡೆ ಪರಿಚಿತವಾದ ಸರಣಿ ಹೋಟೆಲುಗಳಲ್ಲಿ ಕಾಣಲಿಲ್ಲ. ಕಂಪನಿಯ ಬ್ರ್ಯಾಂಡಿನ ಆಸರೆಯಿಲ್ಲದೆ ಒಂಟಿಯಾಗಿ ದುಡಿಯುವವರಿಗೆ ಗ್ರಾಹಕರ ಮಾತು ಎಷ್ಟು ಮುಖ್ಯ ಎಂಬುದನ್ನು ಈ ವ್ಯತ್ಯಾಸ ತಿಳಿಸುತ್ತದೆ.

ಸ್ವಂತ ಹೆಸರು, ಬಾಡಿಗೆಯ ಹೆಸರು

ಇಂಟರ್‌ನೆಟ್‌ನಲ್ಲಿ ಕೈಕೆಲಸದವರ ಹೆಸರು ಎರಡು ಬಗೆಯಲ್ಲಿ ಬೆಳೆಯುತ್ತದೆ. ಮೊದಲನೆಯದರಲ್ಲಿ ದಾಖಲೆ ಅವರ ಸ್ವಂತ ಖಾತೆಯಲ್ಲಿರುತ್ತದೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಉಚಿತ ಸೌಲಭ್ಯದಲ್ಲಿ ಅಂಗಡಿಯಿಲ್ಲದವರೂ ತಾವು ಸೇವೆ ಕೊಡುವ ಪ್ರದೇಶಗಳನ್ನಷ್ಟೇ ನಮೂದಿಸಿ, ಮನೆಯ ವಿಳಾಸವನ್ನು ಮರೆಮಾಡಿ ಹೆಸರು ನೋಂದಾಯಿಸಬಹುದು. ಭಾರತದಲ್ಲಿ 2018ರಿಂದ ಲಭ್ಯವಿರುವ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಕೆಲಸದ ಚಿತ್ರಗಳ ಕೆಟಲಾಗ್, ಕೆಲಸದ ವೇಳೆ, ಪದೇಪದೇ ಕೇಳುವ ಪ್ರಶ್ನೆಗಳಿಗೆ ಸಿದ್ಧ ಉತ್ತರ, ಗ್ರಾಹಕರನ್ನು ವಿಂಗಡಿಸುವ ಲೇಬಲ್‌ಗಳು ಇವೆಲ್ಲ ಸಿಗುತ್ತವೆ. ಈ ತಾಣಗಳೂ ಕಂಪನಿಗಳ ಒಡೆತನದವೇ ಹೌದು. ಆದರೂ ಗ್ರಾಹಕರು ನೇರವಾಗಿ ದುಡಿಯುವವರ ಹೆಸರನ್ನೇ ಹುಡುಕಿ, ಅವರ ಸಂಖ್ಯೆಗೇ ಕರೆ ಮಾಡುತ್ತಾರೆ.

ಎರಡನೆಯದು ಮನೆಬಾಗಿಲ ಸೇವೆಯ ಆ್ಯಪ್‌ಗಳದು. ಇಲ್ಲಿ ಗ್ರಾಹಕರು ಕಂಪನಿಯನ್ನು ಕರೆಯುತ್ತಾರೆ, ಕಂಪನಿ ಕೆಲಸಗಾರರನ್ನು ಕಳಿಸುತ್ತದೆ, ಕೆಲಸ ಮುಗಿದ ಮೇಲೆ ಬಂದ ರೇಟಿಂಗ್ ಕಂಪನಿಯ ಕಡತದಲ್ಲಿ ಸೇರುತ್ತದೆ. ಹೊಸಬರಿಗೆ ಇದರಿಂದ ಆರಂಭದಲ್ಲೇ ಕೆಲಸ ಸಿಗುತ್ತದೆ, ದರ ಮೊದಲೇ ಗೊತ್ತಿರುತ್ತದೆ, ಹಣ ಬಾಕಿ ಉಳಿಯುವುದು ಕಡಿಮೆ. ಈ ಅನುಕೂಲಗಳು ಸಣ್ಣವಲ್ಲ. ಆದರೆ ನೂರಾರು ಮನೆಗಳಲ್ಲಿ ಗಳಿಸಿದ ಒಳ್ಳೆಯ ಅಂಕವನ್ನು ಕೆಲಸಗಾರರು ಆ ಆ್ಯಪ್ ಬಿಟ್ಟು ಹೊರಟ ದಿನ ಜೊತೆಗೊಯ್ಯಲಾರರು. ಅಂಕ ಇಳಿದರೆ ಕೆಲಸ ಕಡಿಮೆಯಾಗುವುದು, ಕೆಲವೊಮ್ಮೆ ಖಾತೆಯೇ ಸ್ಥಗಿತವಾಗುವುದು ಈ ವ್ಯವಸ್ಥೆಯ ಭಾಗವಾಗಿದೆ. 2021ರ ಅಕ್ಟೋಬರ್‌ನಲ್ಲಿ ಗುರುಗ್ರಾಮದಲ್ಲಿ ಇಂತಹ ಆ್ಯಪ್ ಒಂದರ ಮೂಲಕ ದುಡಿಯುತ್ತಿದ್ದ ಬ್ಯೂಟಿಷಿಯನ್ ಮಹಿಳೆಯರು ಕಮಿಷನ್ ಪ್ರಮಾಣ ಮತ್ತು ರೇಟಿಂಗ್ ಆಧಾರಿತ ಶಿಸ್ತುಕ್ರಮಗಳ ವಿರುದ್ಧ ಪ್ರತಿಭಟಿಸಿದಾಗ, ಸ್ಟಾರ್‌ಗಳ ಲೆಕ್ಕ ಜೀವನದ ಲೆಕ್ಕವೂ ಆಗಿದೆ ಎಂಬುದು ದೇಶಕ್ಕೆ ಮನವರಿಕೆಯಾಯಿತು.

ಕರ್ನಾಟಕವು 2025ರಲ್ಲಿ ಜಾರಿಗೆ ತಂದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಈ ದಿಕ್ಕಿನಲ್ಲಿ ಮಹತ್ವದ ಹೆಜ್ಜೆ. ಗಿಗ್ ಕಾರ್ಮಿಕರೆಂದರೆ ಖಾಯಂ ನೌಕರಿಯಿಲ್ಲದೆ, ಆ್ಯಪ್ ಮೂಲಕ ಬಿಡಿ ಬಿಡಿ ಕೆಲಸಗಳನ್ನು ಪಡೆದು ದುಡಿಯುವವರು. ಅವರ ಕಲ್ಯಾಣ ನಿಧಿಗಾಗಿ ಕಂಪನಿಗಳಿಂದ ಶುಲ್ಕ ಸಂಗ್ರಹಿಸುವುದರ ಜೊತೆಗೆ, ಕೆಲಸ ಹಂಚುವ ಮತ್ತು ಅಂಕ ನೀಡುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಪಾರದರ್ಶಕತೆ ಇರಬೇಕು, ಕಾರಣವನ್ನು ಬರಹದಲ್ಲಿ ತಿಳಿಸಿ 14 ದಿನಗಳ ಮುನ್ಸೂಚನೆ ನೀಡದೆ ಸಾಮಾನ್ಯವಾಗಿ ಯಾರನ್ನೂ ಕೈಬಿಡಬಾರದು ಎಂಬ ತತ್ತ್ವಗಳನ್ನು ಈ ಕಾಯ್ದೆ ಒಪ್ಪಿಕೊಂಡಿದೆ. ಗಳಿಸಿದ ಹೆಸರನ್ನು ಬೇರೆಡೆಗೆ ಕೊಂಡೊಯ್ಯುವ ಹಕ್ಕು ಇದರ ಮುಂದಿನ ಹೆಜ್ಜೆಯಾಗಬೇಕು. ಅಲ್ಲಿಯವರೆಗೆ, ಆ್ಯಪ್ ಮೂಲಕ ದುಡಿಯುವವರು ಅದರ ಕರಾರಿಗೆ ಬದ್ಧರಾಗಿದ್ದುಕೊಂಡೇ, ಆ್ಯಪ್‌ನ ಹೊರಗೆ ಮಾಡಿದ ಕೆಲಸಗಳ ಸ್ವಂತ ದಾಖಲೆಯೊಂದನ್ನು ಸಮಾನಾಂತರವಾಗಿ ಬೆಳೆಸುವುದು ವಿವೇಕ.

ಮುಚ್ಚುವ ಮೊದಲಿನ ಚಿತ್ರ

ಸ್ವಂತ ದಾಖಲೆಯಲ್ಲಿ ಏನಿರಬೇಕೆಂಬ ಪ್ರಶ್ನೆಗೆ ನಂಬಿಕೆಯ ಸರಕಿನ ವಿಚಾರವೇ ಉತ್ತರ ಕೊಡುತ್ತದೆ. ಗ್ರಾಹಕರಿಗೆ ಕಾಣದೆ ಹೋಗುವುದನ್ನು ಕಾಣುವಂತೆ ಮಾಡುವುದೇ ಅತ್ಯುತ್ತಮ ಪೋಸ್ಟ್. ಮುಗಿದ ಅಡುಗೆಮನೆಯ ಹೊಳೆಯುವ ಚಿತ್ರವನ್ನು ಯಾರು ಬೇಕಾದರೂ ಎಲ್ಲಿಂದಲೋ ತಂದು ಹಾಕಿಕೊಳ್ಳಬಹುದು. ಮುಚ್ಚುವ ಮೊದಲಿನ ಚಿತ್ರ ಕೆಲಸ ಮಾಡಿದವರ ಬಳಿ ಮಾತ್ರ ಇರುತ್ತದೆ.

ಪ್ಲಂಬರ್ ಆದವರು ಗೋಡೆಯೊಳಗಿನ ಪೈಪುಗಳನ್ನು ಪ್ಲಾಸ್ಟರ್ ಮಾಡುವ ಮೊದಲು ಒತ್ತಡ ಪರೀಕ್ಷೆಗೆ ಒಳಪಡಿಸಿ, ಗೇಜಿನ ಮುಳ್ಳು ಇಳಿಯದೆ ನಿಂತಿರುವುದನ್ನು ಆರಂಭದ ಮತ್ತು ಕೊನೆಯ ಸಮಯದೊಂದಿಗೆ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಬಚ್ಚಲುಮನೆಯ ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಕಟ್ಟಿ ನಿಲ್ಲಿಸಿ, ಕನಿಷ್ಠ ಒಂದು ಹಗಲು ಒಂದು ರಾತ್ರಿ ಬಿಟ್ಟು, ಕೆಳಗಿನ ಮಹಡಿಯ ಛಾವಣಿ ಒಣಗಿಯೇ ಇದೆ ಎಂಬುದನ್ನು ತೋರಿಸುವ ಚಿತ್ರಕ್ಕಿಂತ ದೊಡ್ಡ ಜಾಹೀರಾತು ಆ ಕೆಲಸಕ್ಕಿಲ್ಲ. ಎಲೆಕ್ಟ್ರೀಷಿಯನ್ ಆದವರು ಪೂರ್ತಿಯಾಗಿ ಲೇಬಲ್ ಹಚ್ಚಿದ ಡಿಸ್ಟ್ರಿಬ್ಯೂಷನ್ ಬೋರ್ಡನ್ನು, 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿತಗೊಳಿಸಿ ಜೀವ ಉಳಿಸುವ ಆರ್‌ಸಿಸಿಬಿ ಎಂಬ ಸಾಧನವನ್ನು, ಅದರ ಟೆಸ್ಟ್ ಗುಂಡಿ ಒತ್ತಿದಾಗ ಅದು ತಟ್ಟನೆ ಬೀಳುವುದನ್ನು ಸಣ್ಣ ವಿಡಿಯೊದಲ್ಲಿ ತೋರಿಸಬಹುದು. ಗಾರೆ ಮೇಸ್ತ್ರಿಗಳು ಕಾಂಕ್ರೀಟಿಗೆ ನೀರುಣಿಸುವ ಕ್ಯೂರಿಂಗ್ ಕೆಲಸವನ್ನು ದಿನವಾರು ದಾಖಲಿಸಬಹುದು. ಕಾಂಕ್ರೀಟ್ ಕುರಿತ ಭಾರತೀಯ ಮಾನಕ ಐಎಸ್ 456, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಮೊದಲಾದವು ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕೆನ್ನುತ್ತದೆ. ಈ ಮಾತನ್ನು ಚಿತ್ರದ ಕೆಳಗೆ ಕನ್ನಡದಲ್ಲಿ ಬರೆದರೆ ಓದುವವರಿಗೆ ಮೇಸ್ತ್ರಿಯ ಶ್ರಮವೂ ತಿಳಿವಳಿಕೆಯೂ ಒಟ್ಟಿಗೆ ಕಾಣುತ್ತವೆ. ಬಡಗಿಗಳು ಪ್ಲೈವುಡ್ ಹಾಳೆಯ ಮೇಲಿನ ಐಎಸ್‌ಐ ಗುರುತನ್ನು ಲ್ಯಾಮಿನೇಟ್ ಅಂಟಿಸುವ ಮೊದಲೇ ಚಿತ್ರ ತೆಗೆದಿಟ್ಟರೆ ಮುಂದೆ ಏಳಬಹುದಾದ ತಕರಾರಿಗೆ ಅದೇ ಉತ್ತರವಾಗುತ್ತದೆ.

ಪ್ರತಿ ಚಿತ್ರಕ್ಕೂ ಎರಡು ಮೂರು ಸಾಲಿನ ವಿವರ ಸಾಕು: ಸಮಸ್ಯೆ ಏನಿತ್ತು, ಏನು ಮಾಡಲಾಯಿತು, ಯಾವ ಸಾಮಗ್ರಿ ಬಳಸಲಾಯಿತು, ಎಷ್ಟು ದಿನ ಹಿಡಿಯಿತು. ಟೈಪಿಂಗ್ ಕಷ್ಟವೆನಿಸಿದವರಿಗೆ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ಈಗ ಸಾಮಾನ್ಯ ಫೋನುಗಳಲ್ಲೂ ಇದೆ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಗಳಲ್ಲಿ ಮರೆಯಾಗುವುದರಿಂದ ಒಳ್ಳೆಯ ಚಿತ್ರಗಳನ್ನು ಕೆಟಲಾಗಿನಲ್ಲಿ ಅಥವಾ ಗೂಗಲ್ ಪ್ರೊಫೈಲಿನಲ್ಲಿ ಹಾಕುವುದು ಮೇಲು. ಎಲ್ಲಕ್ಕೂ ಮುಖ್ಯವಾಗಿ, ಮೂಲ ಚಿತ್ರಗಳ ಒಂದು ಪ್ರತಿ ಫೋನಿನ ಹೊರಗೂ ಇರಬೇಕು; ಖಾತೆ ಕಳೆದುಹೋದರೂ ದಾಖಲೆ ಕಳೆದುಹೋಗಬಾರದು.

ಅರ್ಹತೆಯ ಪುರಾವೆ

ಕೆಲಸದ ಚಿತ್ರದಷ್ಟೇ ಬೆಲೆಯುಳ್ಳದ್ದು ಅರ್ಹತೆಯ ಪುರಾವೆ. ವಿದ್ಯುತ್ ಸುರಕ್ಷತೆಯ ನಿಯಮಗಳ ಪ್ರಕಾರ ವೈರಿಂಗ್‌ನಂತಹ ಕೆಲಸಗಳನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ, ಅರ್ಹತಾ ಪ್ರಮಾಣಪತ್ರವುಳ್ಳವರ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಇರುವವರೇ ಮಾಡಬೇಕು. ಕರ್ನಾಟಕದಲ್ಲಿ ಈ ಪರವಾನಗಿಗಳ ವ್ಯವಸ್ಥೆ ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿಗೆ ಸೇರಿದೆ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ, ಅಂದರೆ ಐಟಿಐನಲ್ಲಿ, ಓದಿದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರವಿರುತ್ತದೆ. ಶಾಲೆಗೆ ಹೋಗದೆ ಕೆಲಸ ಮಾಡುತ್ತಲೇ ಕಲಿತವರಿಗೆ, ಅವರ ಪೂರ್ವ ಕಲಿಕೆಯನ್ನು ಪರೀಕ್ಷಿಸಿ ಮಾನ್ಯ ಮಾಡುವ ಕೌಶಲ ಯೋಜನೆಗಳಿವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಬಡಗಿ, ಕಮ್ಮಾರ, ಗಾರೆಯವರು, ಬೀಗ ಮಾಡುವವರು, ಟೈಲರ್, ಕ್ಷೌರಿಕರು ಸೇರಿದಂತೆ 18 ಸಾಂಪ್ರದಾಯಿಕ ವೃತ್ತಿಗಳವರಿಗೆ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಕೊಡುತ್ತದೆ. ಸಣ್ಣ ಉದ್ಯಮವಾಗಿ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಲು ಶುಲ್ಕವಿಲ್ಲ. ಇವುಗಳಲ್ಲಿ ತಮಗಿರುವುದನ್ನು ಪ್ರೊಫೈಲಿನಲ್ಲಿ ಹೇಳಿಕೊಳ್ಳುವುದು ಜಂಭವಲ್ಲ. ಅದು ಗ್ರಾಹಕರಿಗೆ ಸಲ್ಲಬೇಕಾದ ಮಾಹಿತಿ. ಆದರೆ ಆಧಾರ್, ಪ್ಯಾನ್ ಮೊದಲಾದ ಗುರುತಿನ ದಾಖಲೆಗಳ ಚಿತ್ರವನ್ನು ಮಾತ್ರ ಎಂದಿಗೂ ಸಾರ್ವಜನಿಕವಾಗಿ ಹಾಕಬಾರದು. ಇಲ್ಲದ ಅರ್ಹತೆಯನ್ನು ಹೇಳಿಕೊಳ್ಳುವುದು ನೈತಿಕ ತಪ್ಪಷ್ಟೇ ಅಲ್ಲ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿಯೂ ಆಗಬಹುದು.

ರಿವ್ಯೂ ಕೇಳುವ ಮರ್ಯಾದೆ

ಇಂಟರ್‌ನೆಟ್‌ನ ರೇಟಿಂಗ್ ಪದ್ಧತಿಗೆ ಮೂರು ದಶಕಗಳ ಇತಿಹಾಸವಿದೆ. ಅಮೆರಿಕದ ಈಬೇ ತಾಣವು 1996ರಲ್ಲಿ, ಪರಸ್ಪರ ಕಂಡರಿಯದ ಕೊಳ್ಳುವವರೂ ಮಾರುವವರೂ ಒಬ್ಬರ ಬಗ್ಗೆ ಒಬ್ಬರು ಅಭಿಪ್ರಾಯ ದಾಖಲಿಸುವ ವ್ಯವಸ್ಥೆಯನ್ನು ತಂದಿತು. ಅಂದಿನಿಂದ ಇಂದಿನವರೆಗೂ ಈ ಪದ್ಧತಿಗೆ ಅಂಟಿಬಂದ ಒಂದು ದೋಷವೆಂದರೆ, ಬಹಳ ಮೆಚ್ಚಿದವರು ಮತ್ತು ಬಹಳ ಸಿಟ್ಟಾದವರೇ ಹೆಚ್ಚಾಗಿ ಬರೆಯುತ್ತಾರೆ. ಕೆಲಸ ಸಮರ್ಪಕವಾಗಿ ಮುಗಿದು ನೆಮ್ಮದಿಯಿಂದಿರುವ ಬಹುಸಂಖ್ಯೆಯವರು ಸುಮ್ಮನಿರುತ್ತಾರೆ. ಆದ್ದರಿಂದ ರಿವ್ಯೂ ಕೇಳಲು ಸಂಕೋಚಪಡುವ ಅಗತ್ಯವಿಲ್ಲ. ಕೆಲಸ ಮುಗಿದು, ಗ್ರಾಹಕರು ನಲ್ಲಿ ತಿರುಗಿಸಿ, ಸ್ವಿಚ್ ಹಾಕಿ ನೋಡಿ, ಹಣ ಕೊಟ್ಟ ಮೇಲೆ, ಗೂಗಲ್ ಪ್ರೊಫೈಲಿನ ಲಿಂಕ್ ಕಳಿಸಿ, ಆದ ಕೆಲಸದ ಬಗ್ಗೆ ಇದ್ದದ್ದನ್ನು ಇದ್ದಂತೆ ಬರೆಯಿರೆಂದು ಒಮ್ಮೆ ವಿನಂತಿಸಿದರೆ ಸಾಕು.

ಕೇಳುವುದಕ್ಕೂ ಕೊಳ್ಳುವುದಕ್ಕೂ ಇರುವ ಗೆರೆಯನ್ನು ಮಾತ್ರ ದಾಟಬಾರದು. ರಿವ್ಯೂಗೆ ಪ್ರತಿಯಾಗಿ ರಿಯಾಯಿತಿ ಅಥವಾ ಉಡುಗೊರೆ ಕೊಡುವುದನ್ನೂ, ಮೆಚ್ಚಿದವರಿಂದ ಮಾತ್ರ ಆರಿಸಿ ಕೇಳುವುದನ್ನೂ, ಸ್ವಂತ ಕೆಲಸಕ್ಕೆ ತಾವೇ ಬರೆಯುವುದನ್ನೂ ಮನೆಯವರಿಂದ ಬರೆಸಿಕೊಳ್ಳುವುದನ್ನೂ ಗೂಗಲ್‌ನ ನಿಯಮಗಳು ನಿಷೇಧಿಸುತ್ತವೆ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ಐಎಸ್ 19000 ಎಂಬ ಮಾನಕವು ಆನ್‌ಲೈನ್ ರಿವ್ಯೂಗಳ ಸಂಗ್ರಹ, ಪರಿಶೀಲನೆ ಮತ್ತು ಪ್ರಕಟಣೆಗೆ ತತ್ತ್ವಗಳನ್ನು ವಿಧಿಸಿದ್ದು, ದುಡ್ಡು ಕೊಟ್ಟು ಪಡೆದ ರಿವ್ಯೂಗಳನ್ನು ತಡೆಯುವುದು ಅದರ ಉದ್ದೇಶಗಳಲ್ಲಿ ಒಂದು. ಇಷ್ಟು ಹಣಕ್ಕೆ ಇಷ್ಟು ಫೈವ್ ಸ್ಟಾರ್ ಎಂದು ಮಾರಲು ಬರುವವರನ್ನು ದೂರವಿಡುವುದು ಇನ್ನೊಂದು ಕಾರಣಕ್ಕೂ ಅಗತ್ಯ: ಒಂದು ಸುಳ್ಳು ಬಯಲಾದರೆ ಉಳಿದ ನಿಜವಾದ ರಿವ್ಯೂಗಳೂ ನಂಬಿಕೆ ಕಳೆದುಕೊಳ್ಳುತ್ತವೆ.

ಕಹಿ ಮಾತಿಗೆ ಉತ್ತರ

ಎಷ್ಟೇ ನುರಿತ ಕೈಯಾದರೂ ಒಂದಲ್ಲ ಒಂದು ದಿನ ಒಂದು ಸ್ಟಾರ್‌ನ ರಿವ್ಯೂ ಬಂದೇ ಬರುತ್ತದೆ. ಅದನ್ನು ಓದುವವರಲ್ಲಿ ದೂರಿದವರಿಗಿಂತ ಮುಂದಿನ ಗ್ರಾಹಕರೇ ಹೆಚ್ಚು. ಅವರು ದೂರನ್ನು ಓದಿದ ಕೂಡಲೇ ಅದಕ್ಕೆ ಬಂದ ಉತ್ತರವನ್ನು ಓದುತ್ತಾರೆ. ಆದ್ದರಿಂದ ಉತ್ತರವನ್ನು ಮೂರನೆಯವರಿಗಾಗಿ ಬರೆಯಬೇಕು. ಸಿಟ್ಟು ಇಳಿದ ಮೇಲೆ, ಆದರೆ ಒಂದೆರಡು ದಿನಗಳೊಳಗೆ, ಚಿಕ್ಕದಾಗಿ, ಗೌರವದಿಂದ ಬರೆಯುವುದು ಒಳಿತು. ಗ್ರಾಹಕರ ಮನೆಯ ವಿಳಾಸ, ಫೋನ್ ಸಂಖ್ಯೆ, ಬಾಕಿ ಹಣದ ವಿವರ, ಮನೆಯೊಳಗಿನ ಸಂಗತಿ ಯಾವುದನ್ನೂ ಅಲ್ಲಿ ಬಯಲು ಮಾಡಬಾರದು. "ತಾವು ಹೇಳಿರುವ ಸೋರಿಕೆಯ ಬಗ್ಗೆ ವಿಷಾದವಿದೆ. ಈ ವಾರದೊಳಗೆ ಬಂದು ಪರಿಶೀಲಿಸಲಾಗುವುದು. ನಮ್ಮ ಜೋಡಣೆಯ ದೋಷವಾಗಿದ್ದರೆ ಶುಲ್ಕವಿಲ್ಲದೆ ಸರಿಪಡಿಸಲಾಗುವುದು" ಎಂಬ ಧಾಟಿಯ ಮೂರು ಸಾಲು ಮೂವತ್ತು ಸಾಲಿನ ವಾದಕ್ಕಿಂತ ಹೆಚ್ಚು ಗೌರವ ತರುತ್ತದೆ. ಸರಿಪಡಿಸಿದ ಮೇಲೆ ಅದನ್ನೂ ಅಲ್ಲೇ ದಾಖಲಿಸಬೇಕು. ದೂರು ನಿಜವಲ್ಲದಿದ್ದರೆ, ಮುಚ್ಚುವ ಮೊದಲಿನ ಚಿತ್ರಗಳೂ ಲಿಖಿತ ಅಂದಾಜೂ ಕೈಯಲ್ಲಿರುವವರು ಶಾಂತವಾಗಿ ಸಂಗತಿಯನ್ನು ಹೇಳಬಲ್ಲರು.

ತಕರಾರುಗಳ ಬೇರು ಅನೇಕ ಸಲ ಕೆಲಸದ ಗುಣದಲ್ಲಿರದೆ ಮಾತಿನ ಅಸ್ಪಷ್ಟತೆಯಲ್ಲಿರುತ್ತದೆ. ಹೇಳಿದ ದಿನ ಬಾರದಿರುವುದು, ಫೋನ್ ಎತ್ತದಿರುವುದು, ಅಡ್ವಾನ್ಸ್ ಪಡೆದು ಇನ್ನೊಂದು ಸೈಟಿಗೆ ಹೋಗುವುದು, ಕೊನೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಕೇಳುವುದು ಇವೇ ಬಹಳಷ್ಟು ಕಹಿಗೆ ಕಾರಣ. ಕೆಲಸದ ವ್ಯಾಪ್ತಿ, ಸಾಮಗ್ರಿ ತರುವವರು ಯಾರು, ಕೂಲಿ ಚದರ ಅಡಿಯ ಲೆಕ್ಕವೋ ದಿನಗೂಲಿಯೋ, ಹೆಚ್ಚುವರಿ ಕೆಲಸ ಬಂದರೆ ದರವೇನು, ಹಣದ ಕಂತು ಯಾವಾಗ, ಎಷ್ಟು ತಿಂಗಳ ಖಾತರಿ ಎಂಬ ಇಷ್ಟನ್ನು ಕೆಲಸ ಹಿಡಿಯುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ, ಒಪ್ಪಿಗೆಯ ಉತ್ತರ ಪಡೆದರೆ ಜಗಳದ ಬಹುಭಾಗ ಹುಟ್ಟುವುದೇ ಇಲ್ಲ. ಬರಲಾಗದ ದಿನ ಬೆಳಿಗ್ಗೆಯೇ ಒಂದು ಸಂದೇಶ ಕಳಿಸುವವರ ಹೆಸರು ಯಾವ ಜಾಹೀರಾತೂ ಇಲ್ಲದೆ ಬೆಳೆಯುತ್ತದೆ.

ದುರುದ್ದೇಶದ ಬರಹಕ್ಕೆ ಬೇರೆ ದಾರಿಗಳಿವೆ. ಕೆಲಸವನ್ನೇ ಮಾಡಿಸಿಕೊಳ್ಳದವರು, ಪೈಪೋಟಿಯವರು, ಹಣ ಕೀಳಲು ಬೆದರಿಸುವವರು ಬರೆದ ರಿವ್ಯೂಗಳನ್ನು ನಿಯಮ ಉಲ್ಲಂಘನೆಯೆಂದು ತಾಣಕ್ಕೇ ವರದಿ ಮಾಡಬಹುದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಸಾಮಾಜಿಕ ಮಾಧ್ಯಮ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕೆಂದು ಹೇಳುತ್ತವೆ. ಮಾನಹಾನಿಯು ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಡಿ ಅಪರಾಧ. ಆದರೆ ಸದುದ್ದೇಶದಿಂದ ಹೇಳಿದ ಪ್ರಾಮಾಣಿಕ ಅಭಿಪ್ರಾಯಕ್ಕೆ ಅಲ್ಲಿಯೂ ರಕ್ಷಣೆಯಿದೆ. ಆದ್ದರಿಂದ ಪ್ರತಿ ಕಹಿ ರಿವ್ಯೂಗೂ ಕೇಸಿನ ಬೆದರಿಕೆ ಹಾಕುವುದು ತಪ್ಪು. ಅದು ಮುಂದಿನ ಗ್ರಾಹಕರನ್ನು ಹೆದರಿಸಿ ಓಡಿಸುತ್ತದೆ.

ಹೊಸಿಲು ದಾಟಿದವರ ಹೊಣೆ

ಕೈಕೆಲಸದವರಿಗೆ ಜನ ತಮ್ಮ ಮಲಗುವ ಕೋಣೆಯವರೆಗೂ ಪ್ರವೇಶ ಕೊಡುತ್ತಾರೆ. ಈ ವಿಶ್ವಾಸಕ್ಕೆ ಪ್ರತಿಯಾಗಿ ಮನೆಯ ಗುಟ್ಟನ್ನು ಕಾಪಾಡುವ ಹೊಣೆ ಅವರ ಮೇಲಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ, ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೆಂದು ಸಾರಿತು. ಆ ತೀರ್ಪಿನ ಆಶಯ ದಿನನಿತ್ಯದ ಕೆಲಸಕ್ಕೂ ಅನ್ವಯಿಸುತ್ತದೆ. ಚಿತ್ರ ಹಾಕುವ ಮೊದಲು ಮನೆಯವರ ಒಪ್ಪಿಗೆಯನ್ನು ಸಂದೇಶದ ರೂಪದಲ್ಲಾದರೂ ಪಡೆಯಬೇಕು. ಮನೆ ಸಂಖ್ಯೆ, ವಾಹನದ ನಂಬರು, ಮಕ್ಕಳ ಮುಖ, ದೇವರಮನೆಯ ಬೆಳ್ಳಿ, ಲಾಕರ್, ಸಿಸಿಟಿವಿ ಕ್ಯಾಮೆರಾ ಇರುವ ಜಾಗ, ಬಾಗಿಲ ಬೀಗದ ಮಾದರಿ ಇವು ಚಿತ್ರದಲ್ಲಿ ಕಾಣಬಾರದು. ಮನೆಯವರು ಊರಿನಲ್ಲಿಲ್ಲವೆಂಬ ಸುಳಿವು ಕೊಡುವ ಯಾವ ಪೋಸ್ಟೂ ಬೇಡ.

ಸ್ವಂತ ಸುರಕ್ಷತೆಯೂ ಅಷ್ಟೇ ಮುಖ್ಯ. ವೃತ್ತಿಗೆ ಬೇರೆಯೇ ಸಂಖ್ಯೆಯನ್ನು ಇಟ್ಟುಕೊಂಡರೆ ಮನೆಯ ಬದುಕಿಗೆ ನೆಮ್ಮದಿ. ಟೈಲರಿಂಗ್, ಬ್ಯೂಟಿಷಿಯನ್, ಅಡುಗೆ ಕೆಲಸಗಳಲ್ಲಿ ಸ್ವತಂತ್ರವಾಗಿ ದುಡಿಯುವ ಮಹಿಳೆಯರು ಮನೆಯ ವಿಳಾಸವನ್ನೂ ವೈಯಕ್ತಿಕ ಚಿತ್ರಗಳನ್ನೂ ವೃತ್ತಿಯ ಖಾತೆಯಿಂದ ದೂರವಿಡುವುದು ಒಳಿತು. ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪಿನ್ ಹಾಕಿಕೊಳ್ಳಬೇಕು. ಒಟಿಪಿಯನ್ನು ಯಾರಿಗೂ ಹೇಳಬಾರದು. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇರುವುದಿಲ್ಲ. ಒತ್ತಿರೆಂದು ಹೇಳುವ ಗ್ರಾಹಕರು ವಂಚಕರು. ಪಟ್ಟಿಯಲ್ಲಿ ಹೆಸರು ಉಳಿಸಲು ಹಣ ಕಟ್ಟಿ ಎಂದು ಗೂಗಲ್ ಹೆಸರಿನಲ್ಲಿ ಬರುವ ಕರೆಗಳೂ ವಂಚನೆಯೇ, ಏಕೆಂದರೆ ಆ ಪ್ರೊಫೈಲ್ ಉಚಿತ. ಹಣ ಕಳೆದುಕೊಂಡರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಇನ್ನು ರಾಜಕೀಯ, ಧರ್ಮ, ಸಿನಿಮಾ ಅಭಿಮಾನಗಳ ಬಗ್ಗೆ ಅಭಿಪ್ರಾಯ ಹೊಂದುವ ಹಕ್ಕು ಎಲ್ಲ ಪ್ರಜೆಗಳಂತೆ ಕೈಕೆಲಸದವರಿಗೂ ಇದೆ. ಅದನ್ನು ವೈಯಕ್ತಿಕ ಖಾತೆಯಲ್ಲಿ ಹೇಳಿಕೊಂಡು, ವೃತ್ತಿಯ ಖಾತೆಯನ್ನು ಕೆಲಸಕ್ಕೇ ಮೀಸಲಿಟ್ಟರೆ ಎರಡಕ್ಕೂ ನ್ಯಾಯ ಸಲ್ಲುತ್ತದೆ.

ಗ್ರಾಹಕರಿಗೂ ಒಂದು ಮಾತು

ಹೆಸರಿನ ಈ ವ್ಯವಸ್ಥೆ ನಿಂತಿರುವುದು ದುಡಿಯುವವರ ಮೇಲೆ ಮಾತ್ರವಲ್ಲ. ಐಟಿಐಗಳು ಉಪಕರಣ ಹಿಡಿಯುವುದನ್ನು ಕಲಿಸುವಂತೆಯೇ ಕೆಲಸವನ್ನು ದಾಖಲಿಸುವುದನ್ನು, ಅಂದಾಜು ಬರೆಯುವುದನ್ನು, ದೂರಿಗೆ ಉತ್ತರಿಸುವುದನ್ನು ಪಠ್ಯದ ಭಾಗವಾಗಿ ಕಲಿಸಬೇಕು. ಕಾರ್ಮಿಕ ಸಂಘಟನೆಗಳೂ ಕಲ್ಯಾಣ ಮಂಡಳಿಗಳೂ ಕನ್ನಡದಲ್ಲಿ ಇದಕ್ಕೆ ತರಬೇತಿ ಏರ್ಪಡಿಸಬೇಕು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬೆಂಗಳೂರಿಗೆ ಬಂದು ದುಡಿಯುವ ಕಟ್ಟಡ ಕೆಲಸಗಾರರಿಗೆ, ಪರಿಚಿತರೇ ಇಲ್ಲದ ನಗರದಲ್ಲಿ, ಇಂಥ ದಾಖಲೆಯೇ ಗುತ್ತಿಗೆದಾರರ ಹಂಗಿನಿಂದ ಹೊರಬರುವ ದಾರಿಯಾಗಬಲ್ಲದು. ಗಿಗ್ ಕಾರ್ಮಿಕರ ಅಂಕವನ್ನು ಅವರ ಸ್ವತ್ತೆಂದು ಗುರುತಿಸುವ ನಿಯಮವನ್ನು ಸರ್ಕಾರ ಆಲೋಚಿಸಬೇಕು.

ಗ್ರಾಹಕರ ಪಾಲಿನ ಕರ್ತವ್ಯ ಎಲ್ಲಕ್ಕಿಂತ ಸುಲಭವಾದದ್ದು. ಟ್ರಾಫಿಕ್ಕಿನಿಂದ ಹತ್ತು ನಿಮಿಷ ತಡವಾದುದಕ್ಕೆ ಒಂದು ಸ್ಟಾರ್ ಒತ್ತುವ ಮುನ್ನ ಅದು ಒಬ್ಬರ ತಿಂಗಳ ಸಂಪಾದನೆಯನ್ನು ತಟ್ಟುತ್ತದೆ ಎಂಬುದನ್ನು ನೆನೆಯಬೇಕು. ತಪ್ಪಿದ್ದರೆ ಮೊದಲು ನೇರವಾಗಿ ಹೇಳಿ ಸರಿಪಡಿಸಲು ಅವಕಾಶ ಕೊಡಬೇಕು. ಕೆಲಸ ಚೆನ್ನಾಗಿ ಆದಾಗ ಸುಮ್ಮನಿರುವುದೂ ಒಂದು ಬಗೆಯ ಅನ್ಯಾಯವೇ. ಈ ವಾರ ಮನೆಗೆ ಬಂದು ನಲ್ಲಿಯನ್ನೋ ಫ್ಯಾನನ್ನೋ ಬಾಗಿಲನ್ನೋ ಚೆನ್ನಾಗಿ ಸರಿಪಡಿಸಿ ಹೋದವರಿದ್ದರೆ, ಅವರ ಹೆಸರು ಹೇಳಿ, ಮಾಡಿದ ಕೆಲಸವನ್ನು ವಿವರಿಸಿ, ಇಂದೇ ನಾಲ್ಕು ಸಾಲು ಬರೆಯಿರಿ.